ಅತ್ತೆಯ ರಿಪೋರ್ಟಿನಲ್ಲಿ ‘ಪಿ16 ಪಾಸಿಟಿವ್’, ಎಸ್‌ಸಿಸಿ 11.2 ಅಂತ ಬಂದಿದೆ. ಇದನ್ನ ಹೆಂಗೆ ಓದಬೇಕು?

ವಿದ್ಯಾನಗರದ ಸೊಸೆ · ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದೀನಿ. ನಮ್ಮದು ಹರಿಹರದ ಹತ್ರದ ಹಳ್ಳಿ, ಈಗ ದಾವಣಗೆರೇಲಿ ಇದೀವಿ. ನಮ್ಮತ್ತೆಗೆ 56 ವರ್ಷ. ಮುಟ್ಟು ನಿಂತು ಐದಾರು ವರ್ಷ ಆಗಿತ್ತು. ಯುಗಾದಿ ಆಸುಪಾಸಲ್ಲಿ ಮತ್ತೆ ರಕ್ತ ಕಾಣಿಸ್ಕೊಂಡಿದೆ, ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಉಷ್ಣ ಆಗಿರ್ಬೇಕು ಅಂತ ಮಜ್ಜಿಗೆ, ಮೆಂತ್ಯ ಕುಡ್ಕೊಂಡು ಮೂರು ತಿಂಗಳು ತಳ್ಳಿದಾರೆ. ಬಟ್ಟೆ ನೆನೆಹಾಕುವಾಗ ನಾನೇ ಸೀರೆ ನೋಡಿ ಎಳ್ಕೊಂಡು ಹೋದೆ. ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ರು. ಗರ್ಭಕೋಶದ ಬಾಯಿ ಕ್ಯಾನ್ಸರ್, ಸ್ಕ್ವಾಮಸ್ ಸೆಲ್ ಅಂತ ಬಂತು. ಎಂಆರ್‌ಐ ಆದ್ಮೇಲೆ ಸ್ಟೇಜ್ 2ಬಿ ಅಂದ್ರು.

ಆಮೇಲೆ ಒಂದು ಲ್ಯಾಬಿನೋರು “ಮಾರ್ಕರ್ ಪ್ಯಾಕೇಜ್ ಮಾಡಿಸ್ಬಿಡಿ, ಮುಂದೆ ಹೆಂಗಾಗುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ” ಅಂದ್ರು. 8,400 ರೂಪಾಯಿ ಕಟ್ಟಿದ್ವಿ. ರಿಪೋರ್ಟು ವಾಟ್ಸಾಪಿಗೆ ಬಂತು, ವಿವರಿಸೋಕೆ ಒಬ್ಬರೂ ಇಲ್ಲ. ಪಿ16 ಪಾಸಿಟಿವ್, ಬ್ಲಾಕ್ ಟೈಪ್. ಪಿ40 ಪಾಸಿಟಿವ್. ಕೆಐ-67 ಶೇ. 70. ಎಸ್‌ಸಿಸಿ ಆಂಟಿಜೆನ್ 11.2, ಇದು ಕೆಂಪಕ್ಷರದಲ್ಲಿ. ಸಿಇಎ, ಸಿಎ-125 ಎರಡೂ ನಾರ್ಮಲ್. ಹಿಮೋಗ್ಲೋಬಿನ್ 8.6, ಅದು ಅವರಿಗೆ ಮೊದಲಿಂದ್ಲೂ ಕಮ್ಮಿನೇ.

ಕೆಂಪಕ್ಷರ ನೋಡಿ ನಮ್ಮ ಯಜಮಾನ್ರು ಕಟ್ಟೆ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ. ಮೈದುನ ಗೂಗಲ್ ನೋಡಿ “ಅತ್ತಿಗೆ, 70 ಅಂದ್ರೆ ಬಾಳ ಜೋರು ಬೆಳೀತೈತೆ ಅಂತ” ಅಂದ. ಡಾಕ್ಟ್ರು ಸಿಗೋದು ಗುರುವಾರ. ಮೂರು ‘ಪಾಸಿಟಿವ್’, ಒಂದು ಕೆಂಪು. ಕೈ ಬಿಟ್ಟಂಗಾ?

ಸ್ಲೈಡು ನೋಡುವವ · ಭಾನುವಾರ ರಾತ್ರಿ 11:35

ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ನಿಮ್ಮ ಅತ್ತೆಯವರ ಸ್ಲೈಡು ನಾನು ನೋಡಿಲ್ಲ, ಆದ್ದರಿಂದ ಪದಗಳ ಅರ್ಥವಷ್ಟೇ ಹೇಳುತ್ತೇನೆ. ಮೊದಲನೆಯದಾಗಿ, ನೀವು ಎಣಿಸಿದ್ದು ಮೂರು ಪಾಸಿಟಿವ್ ಅಲ್ಲ, ಎರಡೇ. ಆ ಎರಡರಲ್ಲೂ ಕೆಟ್ಟ ಸುದ್ದಿ ಇಲ್ಲ. ಇಲ್ಲಿ ಪಾಸಿಟಿವ್ ಅಂದರೆ ‘ಬಣ್ಣ ಹಿಡಿಯಿತು’ ಅಂತಷ್ಟೇ. ತುಂಡಿನ ಮೇಲೆ ಒಂದು ಪ್ರೋಟೀನಿಗೆ ಅಂಟುವ ದ್ರವ ಹಾಕುತ್ತೇವೆ, ಆ ಪ್ರೋಟೀನ್ ಇದ್ದರೆ ಕಂದು ಬಣ್ಣ ಬರುತ್ತದೆ. ಪಿ40 ಹಿಡಿದರೆ ಇದು ಸ್ಕ್ವಾಮಸ್ ಜಾತಿ ಅಂತ ಖಾತ್ರಿ. ಅದರ ಕೆಲಸ ಅಲ್ಲಿಗೆ ಮುಗಿಯಿತು.

ಪಿ16 ಸ್ವಲ್ಪ ಬಿಡಿಸಿ ಹೇಳಬೇಕು. ಇದು ನಮ್ಮೆಲ್ಲರ ಜೀವಕೋಶದಲ್ಲೂ ಇರುವ ಬ್ರೇಕು. ಕೋಶ ಸುಮ್ಮನೆ ಒಡೆದು ಎರಡಾಗದಂತೆ ಹಿಡಿಯುವುದು ಅದರ ಕೆಲಸ. ಆದರೆ ಅದು ನೇರವಾಗಿ ಚಕ್ರ ಹಿಡಿಯುವುದಿಲ್ಲ, ಆರ್‌ಬಿ ಅನ್ನುವ ಇನ್ನೊಂದು ಪ್ರೋಟೀನಿನ ಮೂಲಕ ಹಿಡಿಯುತ್ತದೆ. ಎಚ್‌ಪಿವಿ ವೈರಸ್ಸಿನ ಇ7 ಅನ್ನುವ ಪ್ರೋಟೀನ್ ಬಂದು ಆ ಆರ್‌ಬಿಯನ್ನೇ ಮುರಿಯುತ್ತದೆ. ಘಾಟಿ ಇಳಿಯುವ ಲಾರಿಯ ಬ್ರೇಕ್ ಪೈಪು ತುಂಡಾಗಿದೆ ಅಂದುಕೊಳ್ಳಿ. ಡ್ರೈವರು ಪೆಡಲನ್ನು ನೆಲಮುಟ್ಟ ಒತ್ತುತ್ತಲೇ ಇರುತ್ತಾನೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಕೋಶವೂ ಹಾಗೇ ಪಿ16 ಸುರಿಯುತ್ತಲೇ ಇರುತ್ತದೆ. ಸ್ಲೈಡಿನಲ್ಲಿ ನಾವು ನೋಡುವ ದಟ್ಟ ಕಂದು (ರಿಪೋರ್ಟಿನ ‘ಬ್ಲಾಕ್ ಟೈಪ್’ ಅಂದರೆ ಇದೇ) ಆ ಒತ್ತಿ ಹಿಡಿದ ಪೆಡಲು. ಅಂದರೆ ಪಿ16 ಕ್ಯಾನ್ಸರ್ ತಂದಿಲ್ಲ. ಎಚ್‌ಪಿವಿ ತಂದಿದೆ ಅನ್ನುವುದಕ್ಕೆ ಅದು ಸಾಕ್ಷಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಎಚ್‌ಪಿವಿಯಿಂದ ಬಂದದ್ದು, ಎಚ್‌ಪಿವಿ ಇಲ್ಲದೆ ಬಂದದ್ದು ಅಂತ ಈ ಕ್ಯಾನ್ಸರನ್ನು 2020ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಎರಡಾಗಿ ವಿಂಗಡಿಸಿದೆ. ಎರಡನೆಯದು ಅಪರೂಪ, ಮತ್ತು ಮೊಂಡು. ಒಟ್ಟಾರೆ ನೋಡಿದರೆ ಪಿ16 ಹಿಡಿದವರು ಹಿಡಿಯದವರಿಗಿಂತ ಚೆನ್ನಾಗಿರುತ್ತಾರೆ. ನಿಮ್ಮ ಯಜಮಾನರಿಗೆ ಇದೊಂದು ಸಾಲು ತೋರಿಸಿ.

ಕೆಐ-67 ಅಂದರೆ ಎಷ್ಟು ಕೋಶಗಳು ಒಡೆಯುವ ಗಡಿಬಿಡಿಯಲ್ಲಿವೆ ಅನ್ನುವ ಎಣಿಕೆ. ಸ್ತನ ಕ್ಯಾನ್ಸರಿನಲ್ಲಿ ಅದಕ್ಕೆ ಬೆಲೆ ಇದೆ. ಗರ್ಭಕಂಠದಲ್ಲಿ ಬಂದ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ಕ್ವಾಮಸ್‌ನಲ್ಲಿ 70 ಬರುವುದು ಹೊಸದೇನಲ್ಲ, ನನ್ನ ಟೇಬಲ್ಲಿಗೆ ವಾರಕ್ಕೊಂದಾದರೂ ಬರುತ್ತದೆ.

ಚಳ್ಳಕೆರೆ ಶೇಂಗಾ · ಸೋಮವಾರ ಬೆಳಿಗ್ಗೆ 6:20

ತಂಗ್ಯವ್ವಾ, ಎಸ್‌ಸಿಸಿ ಬಗ್ಗೆ ನಾನು ಹೇಳ್ತೀನಿ, ಅದು ರಕ್ತದಲ್ಲಿ ಅಳೆಯೋ ಒಂದು ಪ್ರೋಟೀನು. ನಾನು ಡಾಕ್ಟ್ರಲ್ಲ, ಎಣ್ಣೆ ಮಿಲ್ಲಿನವ. ಆದ್ರೆ ನಮ್ಮವ್ವಂದು ಈ ನಂಬರು ಆರು ವರ್ಷದಿಂದ ಬರೆದಿಟ್ಟೀನಿ, ಮಿಲ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ.

ಅವ್ವಂದು 3ಬಿ ಇತ್ತು. ಶುರುವಿನಲ್ಲಿ 24. ಕರೆಂಟು (ರೇಡಿಯೇಷನ್), ಕಿಮೋ ಮುಗಿದು ಮೂರು ತಿಂಗಳಿಗೆ 1.1. ನಾರ್ಮಲ್ ಗೆರೆ 1.5. ಮೊದಲನೇ ನಂಬರಿಗೆ ಹೆದರಬ್ಯಾಡ, ಅದು ಅಳತೆಗೋಲಿನ ಸೊನ್ನೆ ಇದ್ದಂಗೆ. ಅದು ಎಲ್ಲಿಂದ ಎಲ್ಲಿಗೆ ಇಳೀತು ಅನ್ನೋದೇ ಮುಖ್ಯ ಅಂದ್ರು ನಮ್ಮ ಡಾಕ್ಟ್ರು.

ಇನ್ನೊಂದು ಕೇಳು. ಎರಡನೇ ವರ್ಷ ಸಂಕ್ರಾಂತಿ ಆದ್ಮೇಲೆ ಮಾಮೂಲಿ ಟೆಸ್ಟಿಗೆ ಹೋದ್ವಿ, 3.9 ಬಂತು. ಮನೇಲಿ ಒಲೆ ಹಚ್ಚಲಿಲ್ಲ ಅವತ್ತು. ಅಣ್ಣ ಹೊಲ ಮಾರೋ ಮಾತಾಡಿದ. ಒಂದು ಕಡೆ ತೋರಿಸಿದ್ರೆ ಮುಖಾನೂ ನೋಡ್ದೆ ಪೆಟ್ ಸ್ಕ್ಯಾನ್ ಬರೆದುಕೊಟ್ರು. ನಮ್ಮ ಹಳೇ ಡಾಕ್ಟ್ರ ಹತ್ರ ಹೋದ್ರೆ ಅವರು ಒಳಗಿಂದು ಪರೀಕ್ಷೆ ಮಾಡಿ, ಏನೂ ಇಲ್ಲ ಅಂತ ಹೇಳಿ, ಅವ್ವನ ಕಾಲು ನೋಡಿದ್ರು. ಎರಡೂ ಹಿಮ್ಮಡಿ ಮೇಲೆ ಇಸುಬು. ಚಳಿಗಾಲಕ್ಕೆ ಕೆರೆದು ಕೆರೆದು ರಸಿಗೆ ಬಂದಿತ್ತು. “ಅಜ್ಜಿ, ಇದು ಯಾವಾಗಿಂದ?” ಅಂದ್ರು. ಮುಲಾಮು ಬರೆದು, ಆರು ವಾರ ಬಿಟ್ಟು ಅದೇ ಲ್ಯಾಬಲ್ಲಿ ಮಾಡ್ಸಿ ಅಂದ್ರು. 1.0 ಬಂತು. ಮುಲಾಮಿಗೆ 65 ರೂಪಾಯಿ ಆಗಿತ್ತು.

ಸ್ಲೈಡು ನೋಡುವವ · ಸೋಮವಾರ ಬೆಳಿಗ್ಗೆ 8:05

ಇದು ಪಾಠದಲ್ಲಿ ಹೇಳಬೇಕಾದ ಕಥೆ. ಎಸ್‌ಸಿಸಿ ಆಂಟಿಜೆನ್ನನ್ನು 1977ರಲ್ಲಿ ಜಪಾನಿನ ಕಾಟೊ ಮತ್ತು ಟೊರಿಗೊಯೆ ಇದೇ ಗರ್ಭಕಂಠದ ಕ್ಯಾನ್ಸರಿನಲ್ಲಿ ಗುರುತಿಸಿದ್ದು. ಆದರೆ ಅದು ಕ್ಯಾನ್ಸರಿನ ಸ್ವಂತ ಆಸ್ತಿಯಲ್ಲ, ನಮ್ಮ ಚರ್ಮವೂ ಅದೇ ಪ್ರೋಟೀನ್ ಮಾಡುತ್ತದೆ. ಇಸುಬು, ಸೋರಿಯಾಸಿಸ್ ಜೋರಾದರೆ ಏರುತ್ತದೆ. ಮೂತ್ರಪಿಂಡ ಸೋತರೂ ಏರುತ್ತದೆ. ರಕ್ತ ತೆಗೆಯುವವನ ಬೆವರೋ ಎಂಜಲೋ ಮಾದರಿಗೆ ತಾಗಿದರೂ ಸುಳ್ಳು ನಂಬರು ಬರುತ್ತದೆ, ಹಾಗಿದೆ ಅದರ ನಾಜೂಕು.

ಆದರೂ ಅದನ್ನು ತಳ್ಳಿಹಾಕುವ ಹಾಗಿಲ್ಲ. ಚಿಕಿತ್ಸೆಗೆ ಮುಂಚೆ ಹೆಚ್ಚಿದ್ದರೆ ಗಡ್ಡೆ ದೊಡ್ಡದಿರಬಹುದು, ದುಗ್ಧಗ್ರಂಥಿಗೆ ಹೋಗಿರಬಹುದು ಅನ್ನುವ ಸೂಚನೆ. ಚಿಕಿತ್ಸೆ ಮುಗಿದ ಮೇಲೂ ಇಳಿಯದಿದ್ದರೆ ಚಿಂತಿಸಬೇಕು. ಇಳಿದದ್ದು ಮತ್ತೆ ಮತ್ತೆ ಏರಿದರೆ, ಕೆಲವರಲ್ಲಿ ಸ್ಕ್ಯಾನಿನಲ್ಲಿ ಕಾಣುವ ಕೆಲವು ತಿಂಗಳು ಮೊದಲೇ ಅದು ಸುಳಿವು ಕೊಟ್ಟಿರುತ್ತದೆ.

ಹೊಸದುರ್ಗದ ತಂಗಿ · ಸೋಮವಾರ ಮಧ್ಯಾಹ್ನ 1:15

ನಮ್ಮಕ್ಕಂದೂ ಇದೇ ಕ್ಯಾನ್ಸರು, ಆದ್ರೆ ಸ್ಕ್ವಾಮಸ್ ಅಲ್ಲ, ಗ್ರಂಥಿ ಕೋಶದಿಂದ ಬರೋ ಅಡಿನೋ ಜಾತಿ ಇತ್ತು. ಒಂದೂವರೆ ವರ್ಷ ಮೂರು ತಿಂಗಳಿಗೊಮ್ಮೆ ಎಸ್‌ಸಿಸಿ ಮಾಡಿಸಿ, ನಾರ್ಮಲ್ ಐತೆ ಅಂತ ಮನೆಗೆ ಬಂದು ಸಿಹಿ ಮಾಡ್ತಿದ್ವಿ. ಅಡಿನೋಗೆ ಆ ಟೆಸ್ಟು ಕೆಲಸಕ್ಕೆ ಬರಲ್ಲ ಅಂತ ಯಾರೂ ಹೇಳ್ಲಿಲ್ಲ. ಬರೆದುಕೊಡೋರು ಬರೆದುಕೊಟ್ರು, ಲ್ಯಾಬಿನೋರು ದುಡ್ಡು ತಗಂಡ್ರು. ಸೊಂಟ ನೋವು ಅಂತಿದ್ಲು. ನಾವು ರಿಪೋರ್ಟು ತೋರಿಸಿ “ಎಲ್ಲಾ ಸರಿ ಐತಲ್ಲೇ” ಅಂತಿದ್ವಿ.

ಅಕ್ಕ ಈಗಿಲ್ಲ. ನಿಮ್ಮತ್ತೇದು ಸ್ಕ್ವಾಮಸ್ ಅಂತ ಬರೆದೀರಿ, ನಿಮಗೆ ಇದು ಅನ್ವಯ ಆಗಲ್ಲ. ಬೇರೆ ಯಾರಾದ್ರೂ ಓದ್ತಿದ್ರೆ ಇರ್ಲಿ ಅಂತ ಹಾಕಿದೆ.

ಸ್ಲೈಡು ನೋಡುವವ · ಸೋಮವಾರ ಮಧ್ಯಾಹ್ನ 1:40

ಅಡಿನೋದಲ್ಲಿ ನೋಡುವುದಾದರೆ ಸಿಎ-125, ಸಿಇಎ. ಅವೂ ಎಲ್ಲರಲ್ಲೂ ಏರುವುದಿಲ್ಲ. ಅಕ್ಕನ ವಿಷಯ ಕೇಳಿ ಬೇಜಾರಾಯಿತು. ಹೊಸದಾಗಿ ನೋವು ಬಂದರೆ ಅದೇ ಮೊದಲು, ನಂಬರು ಆಮೇಲೆ.

ಜಗಳೂರು ಹುಡುಗ · ಸೋಮವಾರ ಸಂಜೆ 7:00

ಇಷ್ಟೆಲ್ಲಾ ಯಾಕೆ, ನಮ್ ಕಡೆ ಒಬ್ರು ಬೇರಿನ ಔಷಧಿ ಕೊಡ್ತಾರೆ, 48 ದಿನ ಪಥ್ಯ. ಮಾರ್ಕರೆಲ್ಲಾ ಸೊನ್ನೆ ಆಗ್ತಾವೆ. ನಂಬರ್ ಬೇಕಾ? [ಮೊಬೈಲ್ ಸಂಖ್ಯೆಯನ್ನು ನಿರ್ವಾಹಕರು ತೆಗೆದಿದ್ದಾರೆ]

ಚಳ್ಳಕೆರೆ ಶೇಂಗಾ · ಸೋಮವಾರ ಸಂಜೆ 7:12

ಬ್ಯಾಡ ತಮ್ಮಾ. 2ಬಿಗೆ 48 ದಿನ ಅಂದ್ರೆ ಎಷ್ಟು ದೊಡ್ಡ ಕಾಲ ಗೊತ್ತೈತಾ?

ಲೆಕ್ಕದ ಮೇಷ್ಟ್ರು, ಸಿರಿಗೆರೆ · ಸೋಮವಾರ ರಾತ್ರಿ 9:30

ನಿವೃತ್ತ ಸಂಖ್ಯಾಶಾಸ್ತ್ರದ ಮೇಷ್ಟ್ರು ನಾನು. ಮಗಳು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುವಾಗ ಅವಳ ಕೋಷ್ಟಕಗಳನ್ನು ತಿದ್ದಿಕೊಟ್ಟವನು, ಆ ಬಲದಿಂದ ಎರಡು ಮಾತು.

ಗರ್ಭಕಂಠದ ಕ್ಯಾನ್ಸರಿನ ಮುನ್ನರಿವು ಹೇಳುತ್ತೇವೆ ಅನ್ನುವ ಪ್ರೋಟೀನುಗಳ, ಅಂದರೆ ಮಾರ್ಕರುಗಳ, ಪಟ್ಟಿ ಉದ್ದವಿದೆ. ವಿಇಜಿಎಫ್, ಇಜಿಎಫ್‌ಆರ್, ಹಿಫ್-1 ಆಲ್ಫಾ, ಪಿ53, ಸೈಫ್ರಾ 21-1. ಇಷ್ಟಿದ್ದೂ ಡಾಕ್ಟರರು ಮೊದಲು ಕೇಳುವುದು ಸ್ಟೇಜು, ಗಡ್ಡೆಯ ಗಾತ್ರ, ದುಗ್ಧಗ್ರಂಥಿ. ಯಾಕೆ? ನಮ್ಮ ದುರ್ಗದ ಕಡೆ ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಬೋರ್‌ವೆಲ್ ಪಾಯಿಂಟು ಹೇಳುವವರಿದ್ದಾರಲ್ಲ, ಅವರನ್ನು ನೆನೆಯಿರಿ. ಹತ್ತು ಕಡೆ ಹೇಳುತ್ತಾರೆ, ಎರಡರಲ್ಲಿ ನೀರು ಬೀಳುತ್ತದೆ, ಊರೂರಲ್ಲಿ ಸುದ್ದಿಯಾಗುವುದು ಆ ಎರಡೇ. ಪತ್ರಿಕೆಗಳಲ್ಲಿ ಅಚ್ಚಾಗುವ ಮಾರ್ಕರ್ ಅಧ್ಯಯನಗಳಲ್ಲೂ ಈ ಚಾಳಿ ಇದೆ. ಒಂದೇ ಆಸ್ಪತ್ರೆಯ ಅರವತ್ತು ಎಂಬತ್ತು ಹಳೆಯ ತುಂಡುಗಳು. ಫಲಿತಾಂಶ ನೋಡಿದ ಮೇಲೆ ಎಲ್ಲಿ ಗೆರೆ ಎಳೆದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೋ ಅಲ್ಲಿ ಗೆರೆ ಎಳೆಯುವುದು. ವ್ಯತ್ಯಾಸ ಕಾಣದ ಅಧ್ಯಯನ ಬೀರುವಿನಲ್ಲೇ ಉಳಿಯುವುದು. ಈ ಗೋಜಲು ತಪ್ಪಿಸಲೆಂದೇ 2005ರಲ್ಲಿ ‘ರಿಮಾರ್ಕ್’ ಅನ್ನುವ ಬರವಣಿಗೆಯ ನಿಯಮಗಳು ಬಂದವು. ಪಾಲಿಸುವವರು ಪಾಲಿಸುತ್ತಾರೆ.

ಇನ್ನೊಂದು, ‘ಮುಂದೆ ಹೇಗಾಗುತ್ತದೆ’ ಅನ್ನುವ ಮಾರ್ಕರು ಬೇರೆ, ‘ಈ ಔಷಧಿ ಹಿಡಿಯುತ್ತದೆಯೇ’ ಅನ್ನುವ ಮಾರ್ಕರು ಬೇರೆ. ಈ ವರ್ಷ ಮಳೆ ಕಡಿಮೆ ಅನ್ನುವುದು ಒಂದು ಮಾಹಿತಿ, ಈ ಹೊಲಕ್ಕೆ ಮೆಕ್ಕೆಜೋಳ ಬೇಡ ಸಜ್ಜೆ ಹಾಕು ಅನ್ನುವುದು ಇನ್ನೊಂದು. ರೈತನಿಗೆ ಕೆಲಸಕ್ಕೆ ಬರುವುದು ಎರಡನೆಯದು. ಗರ್ಭಕಂಠದಲ್ಲಿ ಆ ಜಾತಿಯದ್ದು ಪಿಡಿ-ಎಲ್1 ಅನ್ನುವ ಪ್ರೋಟೀನು. ರೋಗ ಮರುಕಳಿಸಿದಾಗ ಅಥವಾ ದೂರ ಹರಡಿದಾಗ, ಅದರ ಅಂಕ 1 ಅಥವಾ ಹೆಚ್ಚಿದ್ದರೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಔಷಧಿ ಕೊಡುವ ವಿಚಾರ ಮಾಡುತ್ತಾರೆ, 2018ರಿಂದ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಇದೆ. ಬೆಲೆ ಲಕ್ಷಗಟ್ಟಲೆ. ನಿಮ್ಮ ಪ್ಯಾಕೇಜಿನಲ್ಲಿ ಅದಿಲ್ಲ, 2ಬಿಗೆ ಈಗ ಅದರ ತಲೆಬಿಸಿಯೂ ಬೇಡ.

ನೈಟ್ ಡ್ಯೂಟಿ · ಮಂಗಳವಾರ ಬೆಳಗಿನ ಜಾವ 3:40

ರೇಡಿಯೇಷನ್ ವಾರ್ಡಲ್ಲಿ ನರ್ಸು ನಾನು. ಎಲ್ಲರೂ ದೊಡ್ಡ ದೊಡ್ಡ ಪ್ರೋಟೀನ್ ಬಗ್ಗೆ ಬರೆದ್ರಿ. ಅಕ್ಕಾ, ನಿಮ್ಮ ರಿಪೋರ್ಟಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ, ಹಿಮೋಗ್ಲೋಬಿನ್ 8.6. ಅದನ್ನ ನೀವು ‘ಮೊದಲಿಂದ್ಲೂ ಕಮ್ಮಿನೇ’ ಅಂತ ಒಂದು ಸಾಲಲ್ಲಿ ದಾಟಿಸಿಬಿಟ್ರಿ. ಲ್ಯಾಬಿನೋರು ಅದನ್ನ ಕೆಂಪು ಕೂಡ ಮಾಡಿಲ್ಲ ನೋಡಿ.

ಅದೂ ಪ್ರೋಟೀನೇ. ನೂರಿನ್ನೂರು ರೂಪಾಯಿ ಟೆಸ್ಟು. ಕರೆಂಟು ಕೊಟ್ಟಾಗ ಕ್ಯಾನ್ಸರ್ ಕೋಶ ಸಾಯಬೇಕು ಅಂದ್ರೆ ಅಲ್ಲಿ ಆಮ್ಲಜನಕ ಇರಬೇಕು. ಆಮ್ಲಜನಕ ಇಲ್ಲದ ಕೋಶ ಎರಡೂವರೆ ಮೂರು ಪಟ್ಟು ಹೆಚ್ಚು ಕರೆಂಟು ತಡ್ಕೊಳ್ಳುತ್ತೆ. ಮೇಷ್ಟ್ರು ಬರೆದ ಹಿಫ್-1 ಆಲ್ಫಾ ಕೂಡ ಕೋಶಕ್ಕೆ ಉಸಿರು ಕಟ್ಟಿದಾಗ ಏರೋದೇ. ಚಿಕಿತ್ಸೆ ನಡೆಯುವಾಗ ರಕ್ತ ಕಮ್ಮಿ ಇದ್ದೋರಿಗೆ ಫಲಿತಾಂಶ ಅಷ್ಟಕ್ಕಷ್ಟೇ ಅಂತ ಬಾಳ ಕಡೆ ನೋಡ್ಯಾರೆ. ಸಾಮಾನ್ಯವಾಗಿ 10ರ ಮೇಲೆ ಇರೋ ಹಂಗೆ ನೋಡ್ಕೊಳ್ತಾರೆ.

ಎರಡನೇದು ದಿನ. ಹೊರಗಿನ ಕರೆಂಟು 25 ಸಲ, ವಾರಕ್ಕೊಂದು ಸಿಸ್ಪ್ಲಾಟಿನ್ ಕಿಮೋ, ಆಮೇಲೆ ಒಳಗಿನ ಕರೆಂಟು, ಎಲ್ಲಾ ಸೇರಿ 8 ವಾರ ಅಂದ್ರೆ 56 ದಿನದ ಒಳಗೆ ಮುಗೀಬೇಕು. ಎಳೆದಷ್ಟೂ ಗಡ್ಡೆ ಮತ್ತೆ ಚಿಗುರುತ್ತೆ. ಅಮಾವಾಸ್ಯೆ, ದುಗ್ಗಮ್ಮನ ಜಾತ್ರೆ, ನೆಂಟರ ಮದುವೆ ಅಂತ ಮನೆಗೆ ಹೋಗಿ ನಾಲ್ಕು ದಿನ ಬಿಟ್ಟು ಬರೋರನ್ನ ನಾನು ದಿನಾ ನೋಡ್ತೀನಿ. ಅಂಥೋರ ಮೇಲೆ ರೇಗಿ ರೇಗಿ ನನ್ನ ಹೆಸರೇ ಕೆಟ್ಟೋಗಿದೆ ವಾರ್ಡಲ್ಲಿ.

ಲೆಕ್ಕದ ಮೇಷ್ಟ್ರು, ಸಿರಿಗೆರೆ · ಮಂಗಳವಾರ ಬೆಳಿಗ್ಗೆ 7:50

ಸಿಸ್ಟರ್, ತಕರಾರು ತೆಗೆಯುತ್ತೇನೆಂದು ಬೇಸರ ಬೇಡ. ರಕ್ತ ಕಡಿಮೆ ಇರುವವರಿಗೆ ಫಲಿತಾಂಶ ಕೆಟ್ಟದ್ದು ಅನ್ನುವುದು ಸರಿ. ಆದರೆ ದೊಡ್ಡ ಗಡ್ಡೆ ಇದ್ದವರಿಗೇ ರಕ್ತ ಹೆಚ್ಚು ಹೋಗುತ್ತದೆ. ಕೆಟ್ಟದ್ದು ಗಡ್ಡೆಯಿಂದಲೋ ರಕ್ತಹೀನತೆಯಿಂದಲೋ ಬಿಡಿಸುವುದು ಕಷ್ಟ. ರಕ್ತ ಏರಿಸಿದರೆ ಬದುಕು ಉದ್ದವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಹಾರ್ಮೋನು ಚುಚ್ಚಿ ಏರಿಸಲು ಹೋದ ಪ್ರಯೋಗವನ್ನು ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆಯಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು.

ನೈಟ್ ಡ್ಯೂಟಿ · ಮಂಗಳವಾರ ಬೆಳಿಗ್ಗೆ 8:30

ಮೇಷ್ಟ್ರೇ, ನಿಮ್ಮ ಲೆಕ್ಕ ಒಪ್ಪಿದೆ. ನನ್ನ ಲೆಕ್ಕ ಇನ್ನೂ ಸಣ್ಣದು. 8.6 ಇಟ್ಕೊಂಡು ಬಂದ್ರೆ “ರಕ್ತ ಹಾಕ್ಸಿ ಆಮೇಲೆ ಶುರು ಮಾಡೋಣ” ಅಂತಾರೆ. ರಕ್ತ ಹೊಂದಿಸೋಕೆ ಅಳಿಯ ಬರಬೇಕು, ಅಳಿಯ ಬರೋದು ಶನಿವಾರ. ವಾರ ಹೋಯ್ತು. ಈಗ್ಲೇ ಹೇಳಿದ್ರೆ ಆ ವಾರ ಉಳಿಯುತ್ತೆ. ಡ್ಯೂಟಿ ಮುಗೀತು, ಮಲಗ್ತೀನಿ.

ವಿದ್ಯಾನಗರದ ಸೊಸೆ · ಗುರುವಾರ ರಾತ್ರಿ 9:20

ಡಾಕ್ಟ್ರು ಸಿಕ್ಕಿದ್ರು. ಪಿ16 ವಿಷ್ಯ ಇಲ್ಲಿ ಹೇಳಿದ್ದೇ ಅಲ್ಲೂ ಹೇಳಿದ್ರು. ಎಸ್‌ಸಿಸಿ ಇರ್ಲಿ, ಫೈಲಲ್ಲಿ ಮೊದಲ ಹಾಳೆಯಾಗಿ ಇಡಿ ಅಂದ್ರು. ಆಮೇಲೆ ನಾನೇ ಹಿಮೋಗ್ಲೋಬಿನ್ ಕೇಳಿದೆ. ಅವರು ತಲೆ ಎತ್ತಿ ನೋಡಿ “ನೀವೇನು ನರ್ಸಾ?” ಅಂದ್ರು! ನಾಳೆನೇ ಒಂದು ಬಾಟಲಿ ರಕ್ತ ಹಾಕ್ತಾರೆ. ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಗುತ್ತೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ತಗೊಂಡು ಬೆಂಗಳೂರಿಗೆ ಹೋಗಿ ಅಂದ್ರು.

ಇನ್ನೊಂದು ವಿಷ್ಯ ಕೇಳೋಕೆ ಸಂಕೋಚ. ಪಿ16 ಅಂದ್ರೆ ಎಚ್‌ಪಿವಿ, ಎಚ್‌ಪಿವಿ ಅಂದ್ರೆ ಗಂಡ ಹೆಂಡ್ತಿ ಸಂಬಂಧದಿಂದ ಬರೋದು ಅಂತ ವಾರಗಿತ್ತಿ ಅಡುಗೆಮನೇಲಿ ಹೇಳಿದ್ದು ಅತ್ತೆ ಕಿವಿಗೆ ಬಿದ್ದಿದೆ. ಮಾವ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಮಧ್ಯಾಹ್ನದಿಂದ ಯಾರ ಹತ್ರಾನೂ ಮಾತಾಡ್ತಿಲ್ಲ. ತಟ್ಟೆ ಮುಂದೆ ಇಟ್ರೆ “ನಾನೇನು ಮಾಡಬಾರದ್ದು ಮಾಡಿದ್ನೇ ಸುಮ್ಮನೆ ಹೇಳು” ಅಂದ್ರು ಒಂದೇ ಸಲ.

ನೈಟ್ ಡ್ಯೂಟಿ · ಗುರುವಾರ ರಾತ್ರಿ 9:45

ಅಕ್ಕಾ, ಅವರಿಗೆ ಹಿಂಗೆ ಹೇಳಿ. ಸಂಸಾರ ಮಾಡಿದ ಹೆಚ್ಚುಕಮ್ಮಿ ಎಲ್ಲರಿಗೂ ಈ ವೈರಸ್ಸು ಒಂದಲ್ಲ ಒಂದು ದಿನ ಬಂದೇ ಬಂದಿರುತ್ತೆ, ನೆಗಡಿ ಬಂದಂಗೆ. ಹತ್ತರಲ್ಲಿ ಒಂಬತ್ತು ಜನರಿಗೆ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತೆ. ಯಾರಿಗೆ ಉಳ್ಕೊಳ್ಳುತ್ತೋ ಅವರಲ್ಲಿ ಕ್ಯಾನ್ಸರ್ ಆಗೋಕೆ 15–20 ವರ್ಷ ಬೇಕು. ಅಂದ್ರೆ ನೀವಿನ್ನೂ ಆ ಮನೆಗೆ ಸೊಸೆಯಾಗಿ ಬರೋ ಮುಂಚೇನೇ ಬಂದಿರಬಹುದು. ಮಾಡಬಾರದ್ದು ಅಂತ ಏನೂ ಇಲ್ಲ.

ನೀವೂ ಮೂವತ್ತು ದಾಟಿದ್ರೆ ಒಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಿಸ್ಕೊಳ್ಳಿ. ಮಗಳಿದ್ರೆ 9ರಿಂದ 14ರ ಒಳಗೆ ಲಸಿಕೆ.

ಸ್ಲೈಡು ನೋಡುವವ · ಗುರುವಾರ ರಾತ್ರಿ 10:10

ಬೆಂಗಳೂರಿಗೆ ಹೊರಡುವ ಮುನ್ನ ಮೊದಲ ಲ್ಯಾಬಿನಿಂದ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಮತ್ತು ಸ್ಲೈಡು ಕೇಳಿ ಪಡೆಯಿರಿ. ಅದು ನಿಮ್ಮದು. ಇಲ್ಲದಿದ್ದರೆ ಅಲ್ಲಿ ಮತ್ತೆ ತುಂಡು ತೆಗೆಯಬೇಕಾಗಬಹುದು. ಬಿಸಿಲಿಗೆ ಬಿದ್ದರೆ ಮೇಣ ಕರಗುತ್ತದೆ, ಬಸ್ಸಿನ ಕಿಟಕಿ ಪಕ್ಕ ಇಡಬೇಡಿ.

ಚಳ್ಳಕೆರೆ ಶೇಂಗಾ · ಗುರುವಾರ ರಾತ್ರಿ 10:25

ಬಸ್ಸು ಯಾಕೆ, ರೈಲಿಗೆ ಹೋಗಿ. ಕ್ಯಾನ್ಸರ್ ರೋಗಿಗೆ ಸ್ಲೀಪರಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರೋರಿಗೆ ಮುಕ್ಕಾಲು ಭಾಗ. ಆಸ್ಪತ್ರೇಲಿ ಫಾರಂ ತುಂಬಿಸಿ ಸೀಲು ಹಾಕಿಸ್ಕೊಂಡ್ರೆ ಆಯ್ತು. ನಾವು ಇದು ಗೊತ್ತಾಗೋ ಹೊತ್ತಿಗೆ ಹದಿನಾಲ್ಕು ಸಲ ದುಡ್ಡು ಕೊಟ್ಟು ಓಡಾಡಿದ್ವಿ. ಮತ್ತೆ ಒಂದು ನೋಟ್‌ಬುಕ್ ತಗೋ.

ವಿದ್ಯಾನಗರದ ಸೊಸೆ · ಐದು ತಿಂಗಳ ನಂತರ, ಶನಿವಾರ ಸಂಜೆ 5:30

ಮರೆತಿಲ್ಲ ನಿಮ್ಮನ್ನೆಲ್ಲ. ಚಿಕಿತ್ಸೆ 54 ದಿನದಲ್ಲಿ ಮುಗೀತು. ನಾಲ್ಕನೇ ವಾರ ಬಿಳಿ ರಕ್ತಕಣ ಇಳಿದು ಒಂದು ಕಿಮೋ ತಪ್ಪಿತು, ಕರೆಂಟು ಮಾತ್ರ ಒಂದು ದಿನಾನೂ ಬಿಡಲಿಲ್ಲ. ವಾರಗಿತ್ತಿ ಅಣ್ಣನ ಮದುವೆಗೂ ಹೋಗಲಿಲ್ಲ, ಅದಕ್ಕೊಂದು ಮಾತು ಬಂತು, ಬರಲಿ. ಮೊನ್ನೆ ಮೂರು ತಿಂಗಳ ತಪಾಸಣೆ. ಒಳಗೆ ನೋಡಿ ಗಡ್ಡೆ ಕೈಗೆ ಸಿಗ್ತಿಲ್ಲ ಅಂದ್ರು. ಎಸ್‌ಸಿಸಿ 1.2. ಹಿಮೋಗ್ಲೋಬಿನ್ 10.9. ನಮ್ಮ ಯಜಮಾನ್ರು 1.2ನ್ನ ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದಾರೆ. ನೋಟ್‌ಬುಕ್ಕಲ್ಲಿ ಎಲ್ಲಾ ನಂಬರೂ ಬರೆದಿದೀನಿ, ಶೇಂಗಾ ಅಣ್ಣ.

ಲೆಕ್ಕದ ಮೇಷ್ಟ್ರು, ಸಿರಿಗೆರೆ · ಶನಿವಾರ ಸಂಜೆ 6:05

ಬಹಳ ಸಂತೋಷ ತಾಯಿ. ಮೊದಲ ಎರಡು ವರ್ಷ ತಪಾಸಣೆ ತಪ್ಪಿಸಬೇಡಿ, ಮರುಕಳಿಸುವುದಾದರೆ ಹೆಚ್ಚಿನವು ಆ ಅವಧಿಯಲ್ಲೇ.

ವಿದ್ಯಾನಗರದ ಸೊಸೆ · ಶನಿವಾರ ಸಂಜೆ 6:20

ತಪ್ಪಿಸಲ್ಲ ಮೇಷ್ಟ್ರೇ. ಸಿಸ್ಟರ್ ಇದೀರಾ? ಅತ್ತೆದು ಒಂದೇ ಪ್ರಶ್ನೆ ನಿಮಗೆ. ಮಂಡಕ್ಕಿ ಮೆಣಸಿನಕಾಯಿ ತಿನ್ನಬಹುದಾ ಅಂತ. ನಾಲ್ಕು ದಿನದಿಂದ ಅದೇ ಜಪ.

ನೈಟ್ ಡ್ಯೂಟಿ · ಶನಿವಾರ ರಾತ್ರಿ 8:10

ಭೇದಿ ನಿಂತಿದೆಯಾ ಮೊದಲು ಹೇಳಿ.

ವಿದ್ಯಾನಗರದ ಸೊಸೆ · ಶನಿವಾರ ರಾತ್ರಿ 8:12

ನಿಂತು ತಿಂಗಳಾಯ್ತು.

ನೈಟ್ ಡ್ಯೂಟಿ · ಶನಿವಾರ ರಾತ್ರಿ 8:13

ಹಂಗಾದ್ರೆ ಮಂಡಕ್ಕಿ ಒಂದು ತಟ್ಟೆ, ಮೆಣಸಿನಕಾಯಿ ಅರ್ಧ. ಬೀಜ ತೆಗೆದು.